ಸರ್ವೆ ನಂಬರ್ ಇರುವ ನೀರುನಾಯಿ

ವಸ್ತುಸಂಗ್ರಹಾಲಯಗಳ ಬಗ್ಗೆ ನನ್ನದು ಹಳೆಯ ತಕರಾರು. ಗಾಜಿನ ಪೆಟ್ಟಿಗೆಯೊಳಗೆ ಒಂದು ಕೊಳಗ ಇಟ್ಟು ‘ಧಾನ್ಯ ಅಳೆಯುವ ಸಾಧನ, ಮರ’ ಎಂದು ಚೀಟಿ ಬರೆದಿರುತ್ತಾರೆ. ಮರದ್ದು ಎನ್ನುವುದು ನಮ್ಮ ಕಣ್ಣಿಗೂ ಕಾಣುತ್ತದೆ. ಯಾವ ಊರಿನದು, ಯಾರ ಮನೆಯ ಕಣದಲ್ಲಿ ಉರುಳಾಡಿದ್ದು, ಗೇಣಿ ತೆಗೆದುಕೊಳ್ಳಲು ಒಂದು, ಸಾಲ ಕೊಡಲು ಇನ್ನೊಂದು ಎಂದು ಎರಡು ಕೊಳಗ ಇಟ್ಟುಕೊಂಡಿದ್ದ ಧಣಿಯದೋ ಏನು ಕಥೆ, ಅದೊಂದೂ ಇರುವುದಿಲ್ಲ. ಭೂಮಾಪನ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತನಾದವನು ನಾನು. ವಿಳಾಸವಿಲ್ಲದ ವಸ್ತು ನನ್ನ ಲೆಕ್ಕದಲ್ಲಿ ದಾಖಲೆಯಲ್ಲ, ಬರೀ ಸಾಮಾನು.

ಹಾಗಾಗಿ, ಶರಾವತಿ ಹಿನ್ನೀರಿನ ನಡುವೆ ಯಾರೋ ಮನೆಯಲ್ಲೇ ಮ್ಯೂಸಿಯಂ ಮಾಡಿದ್ದಾರೆ, ಹೋಗಿಬರೋಣ ಎಂದು ಲೆಕ್ಕಿಗರು ಕರೆದಾಗ ನನಗೆ ಅಷ್ಟೇನೂ ಉತ್ಸಾಹ ಬರಲಿಲ್ಲ. ಲೆಕ್ಕಿಗರು ಎಂದರೆ ನನ್ನ ಸ್ನೇಹಿತರು, ನಿವೃತ್ತ ಗ್ರಾಮ ಲೆಕ್ಕಾಧಿಕಾರಿ. ಸಾಗರದಲ್ಲಿ ನಮ್ಮಿಬ್ಬರ ಮನೆ ಒಂದೇ ಬೀದಿಯಲ್ಲಿದೆ. ಪಹಣಿ ದೊಡ್ಡದೋ ನಕ್ಷೆ ದೊಡ್ಡದೋ ಎಂಬ ನಮ್ಮ ಜಗಳಕ್ಕೆ ನಿವೃತ್ತಿಯ ವಯಸ್ಸು ಅನ್ವಯವಾಗಿಲ್ಲ. “ಬನ್ನಿ ಮಾರಾಯರೇ, ನಿಮ್ಮ ಸರಪಳಿಯೂ ಒಂದು ಅಲ್ಲಿದೆಯಂತೆ” ಎಂದರು. ಸರಪಳಿ ಎಂದ ಮೇಲೆ ಹೊರಡದೆ ಇರುವುದು ಹೇಗೆ?

ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಗಿತ್ತು. ದಾರಿಯುದ್ದಕ್ಕೂ ಅಡಿಕೆ ಬೇಯಿಸಿದ ಚೊಗರಿನ ವಾಸನೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಈಗ ಸೇತುವೆ ಇದೆ. 2025ರ ಜುಲೈ 14ರಂದು ಉದ್ಘಾಟನೆಯಾದದ್ದು, 2.44 ಕಿಲೋಮೀಟರ್ ಉದ್ದ. ಬಸ್ಸು, ಜೀಪು, ಜನ, ಬೈಕು ಎಲ್ಲವನ್ನೂ ಹೇರಿಕೊಂಡು ಹೋಗುತ್ತಿದ್ದ ಲಾಂಚ್‌ಗೆ ಕಾಯುತ್ತ ನಿಲ್ಲುವ ಕೆಲಸ ತಪ್ಪಿತು. ಲಾಂಚ್ ಹೋಯಿತಲ್ಲ ಎಂದು ಕೊರಗುವವರನ್ನು ನಾನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ವರ್ಷಕ್ಕೊಮ್ಮೆ ಸಿಗಂದೂರಿಗೆ ಬಂದು ಲಾಂಚಿನ ಮೇಲೆ ಫೋಟೋ ತೆಗೆಸಿಕೊಂಡವರು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದ ಮನೆಯವರನ್ನು ಕೇಳಿದರೆ ಬೇರೆ ಮಾತು ಬರುತ್ತದೆ.

ತುಮರಿ ಕಡೆಯ ಈ ಸೀಮೆಯನ್ನೇ ಪತ್ರಿಕೆಗಳು ದ್ವೀಪ ಎಂದು ಬರೆಯುವುದುಂಟು. ನಕ್ಷೆ ನೋಡಿದವರಿಗೆ ಗೊತ್ತು, ಅದು ದ್ವೀಪವಲ್ಲ. ಹಿಂಬದಿಯಲ್ಲಿ ಘಟ್ಟದ ಕಡೆಯಿಂದ ಕೊಲ್ಲೂರು, ನಿಟ್ಟೂರುಗಳಿಗೆ ನೆಲದ ದಾರಿ ಇದ್ದೇ ಇದೆ. ನಿಜವಾದ ದ್ವೀಪಗಳು ಹಿನ್ನೀರಿನೊಳಗೆ ಅಲ್ಲಲ್ಲಿ ತಲೆಯೆತ್ತಿಕೊಂಡಿರುವ ಗುಡ್ಡಗಳು. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ಆ ಗೆರೆಗಿಂತ ಕೆಳಗಿದ್ದದ್ದೆಲ್ಲ ನೀರಾಯಿತು, ಮೇಲಿದ್ದದ್ದು ಉಳಿಯಿತು. ಸುತ್ತಲೂ ಕೆಳಗಿದ್ದು ನೆತ್ತಿ ಮಾತ್ರ ಮೇಲಿದ್ದ ಗುಡ್ಡ ದ್ವೀಪವಾಯಿತು. ನಾವು ಹೋದದ್ದು ಅಂಥ ಒಂದಕ್ಕೆ. ಬೇಸಿಗೆಯ ಕೊನೆಗೆ ನೀರಿಳಿದಾಗ ಕೆಸರು ತುಳಿದುಕೊಂಡು ನಡೆದೇ ಹೋಗಬಹುದಂತೆ. ನಾವು ಹೋದಾಗ ನೀರು ತುಂಬಿತ್ತು. ಮನೆಯ ಯಜಮಾನರ ಅಣ್ಣನ ಮಗ ಫೈಬರ್ ದೋಣಿ ತಂದಿದ್ದ. ಲೆಕ್ಕಿಗರು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತವರು ಆಚೆ ದಡ ಮುಟ್ಟುವವರೆಗೂ ಒಂದು ಮಾತನ್ನೂ ಆಡಲಿಲ್ಲ. ಇಂಥ ಅನುಕೂಲ ನನಗೆ ಅಪರೂಪ.

ಯಜಮಾನರ ಹೆಸರು ಬರೆಯುವುದಿಲ್ಲ, ಬೇಡ ಎಂದಿದ್ದಾರೆ. ಐವತ್ತರ ಆಸುಪಾಸಿನ ರೈತರು, ದೀವರ ಮನೆತನ. ಸ್ವಲ್ಪ ಅಡಿಕೆ, ಸ್ವಲ್ಪ ಗದ್ದೆ, ಎರಡು ಎಮ್ಮೆ. ಆಸರಿಗೆ ಮಜ್ಜಿಗೆ ಕೊಟ್ಟು, ಕಾಲು ತೊಳೆಯಲು ನೀರು ತೋರಿಸಿ, ಜಗಲಿಯ ಬಾಗಿಲು ತೆಗೆದರು. ಮ್ಯೂಸಿಯಂ ಎಂದರೆ ಇಷ್ಟೇ: ಒಂದು ಜಗಲಿ, ಅದಕ್ಕೆ ಹೊಂದಿಕೊಂಡ ಒಂದು ಉದ್ದನೆಯ ಕೋಣೆ, ಮೇಲೆ ಅಟ್ಟ. ಟಿಕೆಟ್ ಇಲ್ಲ. ಸಂದರ್ಶಕರ ಪುಸ್ತಕ ಇದೆ. ಅದರಲ್ಲಿ ಹೆಸರಿನ ಪಕ್ಕ ‘ಮೂಲ ಊರು’ ಎಂದು ಒಂದು ಕಲಂ ಇದ್ದದ್ದು ನನಗೆ ಮೊದಲ ಸುಳಿವು.

ಜಗಲಿಯಲ್ಲಿರುವ ಸಾಮಾನುಗಳನ್ನು ಮಲೆನಾಡಿನವರಿಗೆ ವಿವರಿಸುವ ಅಗತ್ಯವಿಲ್ಲ. ಕೊಳಗ, ಸೇರು, ಪಾವು, ಮೆಟ್ಟುಗತ್ತಿ, ಗೊರಬು, ಕಂಬಳಿಕೊಪ್ಪೆ, ಹತ್ತುಮೀನು ಹಿಡಿಯುವ ಕೂಣಿ, ನೊಗ, ನೇಗಿಲು, ಒರಳು, ಒನಕೆ. ಇವೆಲ್ಲ ಈಗ ಹೋಮ್‌ಸ್ಟೇಗಳ ಗೋಡೆಯ ಮೇಲೂ ಸಿಗುತ್ತವೆ, ಅಲ್ಲಿ ವಾರ್ನಿಷ್ ಹೊಡೆದು ಹೊಳೆಯುತ್ತವೆ. ಇಲ್ಲಿ ಬೇರೆ ಇದ್ದದ್ದು ಚೀಟಿ. ಅಡಿಕೆ ಹಾಳೆಯನ್ನು ಅಂಗೈ ಅಗಲಕ್ಕೆ ಕತ್ತರಿಸಿ, ತೂತು ಮಾಡಿ, ಬಾಳೆನಾರಿನಲ್ಲಿ ಕಟ್ಟಿದ ಚೀಟಿ. ಅದರ ಮೇಲೆ ಇಂಡಿಯನ್ ಇಂಕಿನಲ್ಲಿ ದುಂಡಗಿನ ಅಕ್ಷರ. ಕೊಳಗದ ಚೀಟಿಯಲ್ಲಿ ‘ಕೊಳಗ’ ಎಂಬ ಮಾತೇ ಇರಲಿಲ್ಲ. ಇದ್ದದ್ದು ಮುಳುಗಿದ ಒಂದು ಊರಿನ ಹೆಸರು, ಮನೆಯ ಹೆಸರು, ಸರ್ವೆ ನಂಬರ್ 41, ‘ಕಣದ ಬಡಗು ಮೂಲೆಯಲ್ಲಿ ಇಡುತ್ತಿದ್ದರು’ ಎಂಬ ಒಂದು ಸಾಲು, ತಂದುಕೊಟ್ಟವರ ಹೆಸರು.

ನಾನು ಲೆಕ್ಕಿಗರ ಮುಖ ನೋಡಿದೆ. ಅವರು ಕನ್ನಡಕ ಹಣೆಗೇರಿಸಿ ಮುಂದಿನ ಚೀಟಿ ಓದುತ್ತಿದ್ದರು. ಪ್ರತಿಯೊಂದಕ್ಕೂ ಹಾಗೆಯೇ. ಎಲ್ಲಿ ಸರ್ವೆ ನಂಬರ್ ಸಿಕ್ಕಿಲ್ಲವೋ ಅಲ್ಲಿ ಚಕ್ಕುಬಂದಿ ಬರೆದಿದ್ದಾರೆ: ಮೂಡಲಿಗೆ ಹಳ್ಳ, ಪಡುವಲಿಗೆ ಇಂಥವರ ತೋಟ, ತೆಂಕಲಿಗೆ ಗಾಡಿದಾರಿ, ಬಡಗಲಿಗೆ ಕಾನು.

“ಈ ನಂಬರುಗಳೆಲ್ಲ ಎಲ್ಲಿ ಸಿಕ್ಕಿದವು?” ಎಂದು ಕೇಳಿದೆ. ಯಜಮಾನರು ಒಳಗಿನಿಂದ ಒಂದು ತಗಡಿನ ಟ್ರಂಕು ತಂದಿಟ್ಟರು. ಅವರ ಅಜ್ಜನದು. ಅದರೊಳಗೆ ಕಂದಾಯದ ರಸೀದಿಗಳು, ಅಂಚು ಹುಳು ತಿಂದ ಪಟ್ಟೆ ಪುಸ್ತಕ, ಭೂಸ್ವಾಧೀನದ ನೋಟಿಸು. ನೋಟಿಸನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದರು. ತರಿ ಇಷ್ಟು, ಬಾಗಾಯ್ತು ಇಷ್ಟು, ಖುಷ್ಕಿ ಇಷ್ಟು ಎಂದು ಎಕರೆ ಗುಂಟೆಗಳ ಲೆಕ್ಕ. ಅದರ ಕೆಳಗೆ ಮರಗಳ ಪಟ್ಟಿ. ಫಸಲು ಬಿಡುವ ಅಡಿಕೆ, ಫಸಲು ಬಿಡದ ಅಡಿಕೆ, ಹಲಸು ಎರಡು, ಮಾವು ಒಂದು. ಒಂದೊಂದಕ್ಕೂ ದರ. ಮನೆಗೆ, ಕೊಟ್ಟಿಗೆಗೆ, ಬಾವಿಗೆ ಬೇರೆ ಬೇರೆ. ಇಂಥ ಕಾಗದಗಳನ್ನು ನೌಕರಿಯಲ್ಲಿ ಎಷ್ಟೋ ನೋಡಿದ್ದೇನೆ, ಕಚೇರಿಯ ಕಪಾಟಿನ ಕಡೆಯಿಂದ. ಟ್ರಂಕಿನ ಕಡೆಯಿಂದ ನೋಡಿದ್ದು ಕಡಿಮೆ.

ಟ್ರಂಕಿನಲ್ಲಿ ಇಲ್ಲದ್ದನ್ನು ಯಜಮಾನರು ಊರೂರು ತಿರುಗಿ ಕೇಳಿ ಬರೆದುಕೊಂಡಿದ್ದಾರೆ. ಮುಳುಗಡೆಯವರು ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಾಡಂಚುಗಳಿಗೆ ಚದುರಿದವರು. ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೋದ ಅನೇಕ ಕುಟುಂಬಗಳಿಗೆ ಹೋದ ಜಾಗದ ಹಕ್ಕುಪತ್ರದ ತಕರಾರು ಮಕ್ಕಳು, ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಈ ತಮಾಷೆಯನ್ನು ನೋಡಿ: ಬಿಟ್ಟುಬಂದ, ಈಗ ನೀರಿನ ತಳದಲ್ಲಿರುವ ಜಮೀನಿಗೆ ಅವರ ಬಳಿ ಪಕ್ಕಾ ಕಾಗದ ಇದೆ, ಕಾಲ ಕೆಳಗಿರುವ ಜಮೀನಿಗೆ ಇಲ್ಲ.

ಸರಪಳಿಯ ವಿಷಯ. ಜಗಲಿಯ ಕಂಬಕ್ಕೆ ಸುತ್ತಿ ನೇತುಹಾಕಿದ್ದರು. ನಾನು ಕೇಳದೆಯೇ ಇಳಿಸಿ ಅಂಗಳದಲ್ಲಿ ಬಿಚ್ಚಿದೆ. ನಮ್ಮ ಕಡೆಯ ಮೋಜಣಿಯ, ಅಂದರೆ ಭೂಮಿ ಅಳತೆಯ, ಸರಪಳಿ 33 ಅಡಿ. ಅದರ ಹದಿನಾರು ಭಾಗಗಳಿಗೆ ಆಣೆ ಎಂದು ಹೆಸರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಇಂಗ್ಲಿಷರ ಗುಂಟರ್ ಸರಪಳಿ 66 ಅಡಿ, ನಮ್ಮದು ಅದರ ಅರ್ಧ. ಎರಡೂ ತುದಿಯ ಹಿತ್ತಾಳೆ ಹಿಡಿಕೆಗಳು ಹಸಿರುಗಟ್ಟಿದ್ದರೂ ಸರಿಯಾಗಿದ್ದವು. ನಡುವೆ ಆಣೆಯ ಗುರುತಿನ ಪದಕಗಳಲ್ಲಿ ಎರಡು ಬಿದ್ದುಹೋಗಿವೆ. ಒಂಬತ್ತನೆಯ ಆಣೆಯ ಹತ್ತಿರ ಒಂದು ಕೊಂಡಿ ತುಂಡಾಗಿ, ಅದರ ಜಾಗದಲ್ಲಿ ಯಾರೋ ಬೇಲಿ ತಂತಿ ಬಿಗಿದಿದ್ದಾರೆ. ಟೇಪು ತರಿಸಿ ಅಳೆದು ನೋಡಿದರೆ ಎರಡು ಇಂಚು ಉದ್ದ! ಎಳೆದೆಳೆದು ಉಂಗುರಗಳು ಅಗಲವಾಗಿ ಸರಪಳಿ ಉದ್ದವಾಗುವುದು ಮಾಮೂಲು, ಅದಕ್ಕೇ ಆಗಾಗ ತಾಳೆ ನೋಡಬೇಕು. ಇದನ್ನು ಆಗ ಯಾರೂ ನೋಡಿದ ಹಾಗಿಲ್ಲ.

“ಎರಡಿಂಚು ಉದ್ದದ ಸರಪಳಿಯಲ್ಲಿ ಅಳೆದರೆ ಜಮೀನು ಕಡಿಮೆ ಬರುತ್ತದೆ ಅಲ್ಲವೇ?” ಎಂದರು ಲೆಕ್ಕಿಗರು. ಬರುತ್ತದೆ. ಎಕರೆಗೆ ಅರ್ಧ ಗುಂಟೆಗೆ ಸ್ವಲ್ಪ ಕಡಿಮೆ. ಪರಿಹಾರವೂ ಅಷ್ಟೇ ಕಡಿಮೆ. “ಹಾಗಾದರೆ ಬಾಕಿ ಯಾರನ್ನು ಕೇಳಲಿ ಸಾರ್?” ಎಂದು ಯಜಮಾನರು ನಕ್ಕರು. ಈ ಸರಪಳಿ ಯಾವ ಮೋಜಣಿಗೆ ಬಂದದ್ದು ಎಂದು ಯಾರಿಗೂ ಗೊತ್ತಿಲ್ಲ. ಅವರ ಗದ್ದೆಯ ಬದುವಿನಲ್ಲಿ ಬಿಟ್ಟುಹೋಗಿದ್ದು ಅಷ್ಟೇ ಚೀಟಿಯಲ್ಲಿದೆ. ಹಾಗಾಗಿ ನಾನು ಯಾರ ಮೇಲೂ ಕೇಸು ಹಾಕುವುದಿಲ್ಲ.

ಒಳಕೋಣೆಗೆ ಹೋಗುವ ಮೊದಲು ಬುಟ್ಟಿಗಳ ಬಗ್ಗೆ ಬರೆಯಬೇಕು. ಭೂಮಿ ಹುಣ್ಣಿಮೆಗೆ ದೀವರ ಮನೆಗಳಲ್ಲಿ ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿಗಳು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಎಂದರೆ ಪುಂಡಿನಾರು. ಹುಣ್ಣಿಮೆಯ ಬೆಳಗಿನ ಜಾವ ಅಡುಗೆಯನ್ನು ಇದರಲ್ಲಿ ತುಂಬಿ ಗದ್ದೆಗೆ ಕೊಂಡೊಯ್ದು, ಬಸುರಿ ಭೂಮಿತಾಯಿಗೆ ಬಯಕೆ ಊಟ ಬಡಿಸಿ ಬರುತ್ತಾರೆ. ಯಜಮಾನರ ಹೆಂಡತಿ ಪ್ರತಿ ವರ್ಷ ಒಂದು ಜೊತೆ ಬರೆಯುತ್ತಾರೆ. ಹಬ್ಬ ಮುಗಿದ ಮೇಲೆ ಬುಟ್ಟಿ ಮ್ಯೂಸಿಯಂಗೆ ಬರುತ್ತದೆ. ಸಾಲಾಗಿ ಇಟ್ಟಿರುವುದನ್ನು ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು: ಪೋಸ್ಟರ್‌ಗಳಲ್ಲಿ, ಸರ್ಕಾರಿ ಕಚೇರಿಯ ಗೋಡೆಗಳಲ್ಲಿ ನಾವು ನೋಡುವ ಚಿತ್ತಾರದ ಗೆರೆ ಎಲ್ಲವೂ ಸ್ಕೇಲಿಟ್ಟು ಎಳೆದದ್ದು. ಇಲ್ಲಿಯ ಗೆರೆ ಬುಟ್ಟಿಯ ಹೆಣಿಗೆ ಏರಿದಲ್ಲಿ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ, ಆದರೂ ಚೌಕದ ಮೂಲೆ ಮೂಲೆಗೆ ಕೂಡುತ್ತದೆ. ಮೋಜಣಿಯಲ್ಲಿ ನಕ್ಷೆ ಬರೆಯುವ ಪ್ಲೇನ್ ಟೇಬಲ್ ಮೇಲೆ ಕೆಲಸ ಮಾಡಿದವನು ಹೇಳುತ್ತಿದ್ದೇನೆ, ಉಬ್ಬುತಗ್ಗಿನ ಮೇಲೆ ಮೂಲೆ ಕೂಡಿಸುವುದು ಸುಲಭವಲ್ಲ. “ಇದಕ್ಕೆ ಅಳತೆ ಏನಮ್ಮ?” ಎಂದು ಕೇಳಿದ್ದಕ್ಕೆ ಅವರು “ಕಣ್ಣು” ಎಂದು ಹೇಳಿ ಒಲೆಯ ಕಡೆ ಹೋದರು.

ಕಾಡಿನ ಕೋಣೆ ಎಂದು ಅವರು ಕರೆಯುವ ಒಳಕೋಣೆಯಲ್ಲಿ ಬಾಗಿಲಿನ ಎದುರಿಗೇ ಗೋಡೆಗೆ ಎರಡು ಮರದ ಗೂಟಗಳಿವೆ. ಗೂಟಗಳ ಮೇಲೆ ಏನೂ ಇಲ್ಲ, ಕೆಳಗೆ ಚೀಟಿ ಇದೆ: ‘ಕಡವೆ ಕೊಂಬು, ಒಂದು ಜೊತೆ. ಇಲಾಖೆಗೆ ಒಪ್ಪಿಸಿದೆ.’ ಹಿಂದೆ ಮಲೆನಾಡಿನ ದೊಡ್ಡ ಮನೆಗಳಲ್ಲಿ ಕೊಂಬು, ಚರ್ಮ ಇರುವುದು ಅಂತಸ್ತಿನ ಮಾತಾಗಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಪ್ರಮಾಣಪತ್ರವಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧವಾಯಿತು. 2003ರಲ್ಲಿ ಕೇಂದ್ರ ಸರ್ಕಾರ, ಘೋಷಿಸದೆ ಉಳಿದವರಿಗೆ ಇನ್ನೊಮ್ಮೆ 180 ದಿನಗಳ ಅವಕಾಶ ಕೊಟ್ಟಿತು. ಇವರ ತಂದೆ ಎರಡನ್ನೂ ತಪ್ಪಿಸಿಕೊಂಡರು, ಉದ್ದೇಶದಿಂದಲ್ಲ, ಸುದ್ದಿಯೇ ಗುಡ್ಡ ಹತ್ತಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಟಿ.ವಿ. ಕಾರ್ಯಕ್ರಮದ ಸ್ಪರ್ಧಿಯೊಬ್ಬರ ಕೊರಳಿನ ಹುಲಿ ಉಗುರು ದೊಡ್ಡ ಸುದ್ದಿಯಾದಾಗ ಸುದ್ದಿ ಗುಡ್ಡ ಹತ್ತಿತು. ಮರುವರ್ಷ ರಾಜ್ಯ ಸರ್ಕಾರ ಇಂಥವನ್ನು ಒಪ್ಪಿಸಲು ಕಾಲಾವಕಾಶ ಪ್ರಕಟಿಸಿದಾಗ ಇವರು ಕೊಂಬನ್ನು ಹಳೆಯ ಪಂಚೆಯಲ್ಲಿ ಸುತ್ತಿ ದೋಣಿಯಲ್ಲಿಟ್ಟುಕೊಂಡು ಹೋಗಿ ಕೊಟ್ಟುಬಂದರು. ಗೂಟ ಕೀಳಲಿಲ್ಲ. ಬಂದ ಮಕ್ಕಳೆಲ್ಲ ಮೊದಲು ಕೇಳುವುದು ಆ ಗೂಟದ ಬಗ್ಗೆಯೇ ಅಂತೆ, ಕೊಂಬು ಇದ್ದಾಗ ಯಾರೂ ಏನೂ ಕೇಳುತ್ತಿರಲಿಲ್ಲವಂತೆ.

ಚರ್ಮ, ಕೊಂಬು, ಹಲ್ಲು ಇಲ್ಲದೆ ಕಾಡಿನ ಮ್ಯೂಸಿಯಂ ಮಾಡುವುದು ಹೇಗೆ? ಹೆಜ್ಜೆಯಿಂದ. ನೀರಿಳಿದ ಮೇಲೆ ಹಿನ್ನೀರಿನ ಅಂಚಿನಲ್ಲಿ ಮೈಲಿಗಟ್ಟಲೆ ನಯವಾದ ಕೆಸರು ಬಿಚ್ಚಿಕೊಳ್ಳುತ್ತದೆ. ರಾತ್ರಿ ನೀರು ಕುಡಿಯಲು ಬಂದದ್ದರ ಗುರುತೆಲ್ಲ ಬೆಳಗ್ಗೆ ಅದರ ಮೇಲಿರುತ್ತದೆ. ಯಜಮಾನರು ತಗಡಿನ ಪಟ್ಟಿಯನ್ನು ಬಳೆಯಾಗಿ ಬಗ್ಗಿಸಿ ಹೆಜ್ಜೆಯ ಸುತ್ತ ನೆಟ್ಟು, ಪ್ಲಾಸ್ಟರ್ ಆಫ್ ಪ್ಯಾರಿಸ್ ಅನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಹೊಯ್ಯುತ್ತಾರೆ. ಬಿರುಸಾದ ಮೇಲೆ ಎಬ್ಬಿಸಿ, ಹಲ್ಲುಜ್ಜುವ ಬ್ರಷ್‌ನಿಂದ ಮಣ್ಣು ತೊಳೆದು ಒಣಗಿಸುತ್ತಾರೆ. ಹಿಂದೆ ದೇಶದ ಹುಲಿ ಗಣತಿ ನಡೆದದ್ದೂ ಹೆಜ್ಜೆಯಿಂದಲೇ. ಒಡಿಶಾದ ಅರಣ್ಯಾಧಿಕಾರಿ ಎಸ್.ಆರ್. ಚೌಧುರಿ ರೂಪಿಸಿದ ಪದ್ಧತಿ. 1972ರ ಗಣತಿಯಲ್ಲಿ 1827 ಹುಲಿ ಎಂದು ಲೆಕ್ಕ ಬಂದದ್ದು ಹಾಗೆ. ಒಂದೇ ಹುಲಿಯ ಹೆಜ್ಜೆ ಒಣನೆಲದಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿ ಇದ್ದು ಕಾಡಿನಲ್ಲಿ ಇಲ್ಲ ಎಂದು ಬಯಲಾದ ಮೇಲೆ ಆ ಪದ್ಧತಿ ಬಿಟ್ಟು ಕ್ಯಾಮೆರಾ ಹಿಡಿದರು. ಎಣಿಕೆಗೆ ಹೆಜ್ಜೆ ಸಾಲದು ಎಂಬುದು ಸರಿ. ಆದರೆ ಇಂಥ ಪ್ರಾಣಿ ಇಂಥ ದಿನ ಇಂಥ ಜಾಗದಲ್ಲಿ ನಿಂತಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಹಜರು ಬೇಡ.

ಕಾಟಿಯದು, ಕಡವೆಯದು, ಹಂದಿಯದು, ಚಿರತೆಯದು ಸಾಲಾಗಿ ಇದ್ದವು. ನಾನು ಕೈಗೆತ್ತಿಕೊಂಡದ್ದು ಒಂದು ಸಣ್ಣ ಅಚ್ಚನ್ನು. ಐದು ಬೆರಳು, ಬೆರಳುಗಳ ನಡುವೆ ತೆಳುವಾದ ಜಾಲಪೊರೆಯ ಗುರುತು, ಹಿಮ್ಮಡಿಯ ಪಕ್ಕ ಬಾಲ ಎಳೆದ ಗೆರೆ. ನೀರುನಾಯಿ. ಬೆರಳಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣಿನ ಕಣ ಅಂಟಿತ್ತು. ಚೀಟಿ ತಿರುಗಿಸಿದೆ. ಅದೇ ಮುಳುಗಿದ ಊರು, ಸರ್ವೆ ನಂಬರ್ 41, ‘ಕಣದ ಕೆಳಗಿನ ಗದ್ದೆ’, ಒಂದು ಏಪ್ರಿಲ್ ತಿಂಗಳ ತಾರೀಖು.

ಜಗಲಿಗೆ ಹೋಗಿ ಕೊಳಗದ ಚೀಟಿ ಮತ್ತೊಮ್ಮೆ ನೋಡಿಕೊಂಡು ಬಂದೆ. ಅದೇ ನಂಬರ್. ಒಂದೇ ಕಣದ ಆಸುಪಾಸು, ಒಂದು ಕಾಲದಲ್ಲಿ ಭತ್ತ ಅಳೆದರು, ಇನ್ನೊಂದು ಕಾಲದಲ್ಲಿ ನೀರುನಾಯಿ ಮೀನು ತಿಂದು ನಡೆಯಿತು. ಜನರ ಸಾಮಾನು ಜಗಲಿಯಲ್ಲಿ, ಪ್ರಾಣಿಯದು ಒಳಕೋಣೆಯಲ್ಲಿ ಎಂದು ವಿಂಗಡಿಸಿದ್ದು ಜಾಗದ ಅನುಕೂಲಕ್ಕೆ ಮಾತ್ರ. ಅವರ ರಿಜಿಸ್ಟರಿನಲ್ಲಿ ಎರಡೂ ಒಂದೇ ಪುಟದಲ್ಲಿವೆ. ಪುಟದ ತಲೆಯ ಮೇಲೆ ಇರುವುದು ಊರು, ಸರ್ವೆ ನಂಬರ್; ಕೆಳಗೆ ಆ ನೆಲದಲ್ಲಿ ಸಿಕ್ಕಿದ್ದೆಲ್ಲ, ಮನುಷ್ಯರದಾಗಲಿ ಮೃಗದ್ದಾಗಲಿ. ನಮ್ಮ ಇಲಾಖೆಯಲ್ಲೂ ಇಂಥ ಪುಸ್ತಕ ನಾನು ಕಂಡಿಲ್ಲ. ನಮ್ಮ ಕಾಗದಗಳಲ್ಲಿ ಜಮೀನು ಮುಳುಗಿದ ದಿನಕ್ಕೆ ಕಥೆ ಮುಗಿಯುತ್ತದೆ.

ಮಂಗಟ್ಟೆ ಹಕ್ಕಿಯ (ಹಾರ್ನ್‌ಬಿಲ್) ವಿಭಾಗ ಒಂದು ಹಳೆಯ ಚೆನ್ನೆಮಣೆಯಲ್ಲಿತ್ತು. ಹದಿನಾಲ್ಕು ಗುಳಿಗಳಲ್ಲಿ ಹದಿನಾಲ್ಕು ಬಗೆಯ ಬೀಜ. ಎಲ್ಲವೂ ಒಂದೇ ಮರದ ಬುಡದಲ್ಲಿ ಹೆಕ್ಕಿದ್ದು. ಮಂಗಟ್ಟೆ ಹೆಣ್ಣು ಪೊಟರೆಯೊಳಗೆ ಕುಳಿತು, ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಗಿಲು ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ತಿಂದು ಉಗುಳಿದ ಬೀಜ ಕೆಳಗೆ ಬೀಳುತ್ತದೆ. ಅತ್ತಿ, ಗೋಳಿಯ ಬೀಜ ಧೂಳಿನಷ್ಟು ಸಣ್ಣವು, ಅವನ್ನು ಬಿಟ್ಟು ಕಣ್ಣಿಗೆ ಕಾಣುವವನ್ನಷ್ಟೇ ಇಟ್ಟಿದ್ದರು. ರಾಮಪತ್ರೆಯ ಬೀಜವನ್ನು ನಾನು ಗುರುತಿಸಿದೆ, ಲೆಕ್ಕಿಗರು ಧೂಪದ್ದನ್ನು. ಸುತ್ತಲ ಕಾನಿನಲ್ಲಿ ಆ ವರ್ಷ ಯಾವ ಮರ ಹಣ್ಣು ಬಿಟ್ಟಿತ್ತು ಎಂಬ ಪಟ್ಟಿಯನ್ನು ಹಕ್ಕಿಯೇ ಬರೆದುಕೊಟ್ಟ ಹಾಗಾಯಿತು. ಗೂಡಿನ ಮರ ಎಲ್ಲಿದೆ ಎಂದು ಮಾತ್ರ ಚೀಟಿಯಲ್ಲಿ ಇಲ್ಲ. ಕೇಳಿದೆ. “ಅದೊಂದಕ್ಕೆ ವಿಳಾಸ ಇಲ್ಲ ಸಾರ್, ಬರೆದರೆ ಕ್ಯಾಮೆರಾ ಹಿಡಿದವರು ಸಾಲಾಗಿ ಬರುತ್ತಾರೆ” ಎಂದರು. ವಿಳಾಸದ ಬಗ್ಗೆ ಇಷ್ಟು ಉದ್ದ ಬರೆದ ನಾನು ಇದನ್ನು ಒಪ್ಪಿದೆ.

ಕಿಟಕಿಯ ಹತ್ತಿರ ಒಂದು ಸಣ್ಣ ಸೀಸೆಯಲ್ಲಿ ಸ್ಪಿರಿಟ್, ಅದರ ತಳದಲ್ಲಿ ಎಳ್ಳಿನ ಕಾಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು. “ಉಣುಗು” ಎಂದರು. ಲೆಕ್ಕಿಗರು ಪಂಚೆ ಮೇಲೆತ್ತಿ ಒಂದು ಹೆಜ್ಜೆ ಹಿಂದೆ ಸರಿದರು, ಸ್ಪಿರಿಟ್‌ನಲ್ಲಿ ಸತ್ತಿರುವುದು ಮೇಲೆ ಹಾರಿಬರುತ್ತದೆಯೋ ಎಂಬಂತೆ. ನಗಬಾರದು. ಉಣುಗು ಹರಡುವ ಮಂಗನ ಕಾಯಿಲೆಗೆ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು ಬಂದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ, 1957ರಲ್ಲಿ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡು ಮರುವರ್ಷದವರೆಗೂ ಜೀವ ತೆಗೆದದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಕಾಡಿನ ಮ್ಯೂಸಿಯಂ ಎಂದರೆ ಹುಲಿ, ಆನೆ, ಸಿಂಗಳೀಕ ಎಂದುಕೊಳ್ಳುತ್ತೇವೆ. ಕಾಡಂಚಿನವನ ನಿತ್ಯದ ಕಾಡುಪ್ರಾಣಿ ಇದು. ಸೀಸೆಯ ಪಕ್ಕದಲ್ಲೇ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯ ಖಾಲಿ ಬಾಟಲಿಯನ್ನೂ ಇಟ್ಟಿದ್ದಾರೆ. ಚೀಟಿಯಲ್ಲಿ ‘ನನ್ನ ಪ್ಯಾಂಟಿನಿಂದ’ ಎಂದು ಬರೆದು ತಾರೀಖು ಹಾಕಿದ್ದಾರೆ.

ಗೋಡೆಯ ಮೇಲೆ ಅಭಯಾರಣ್ಯದ ನಕ್ಷೆ. 431 ಚದರ ಕಿಲೋಮೀಟರ್ ಇದ್ದ ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ಸಿಂಗಳೀಕದ ಹೆಸರಿನಲ್ಲಿ 930ಕ್ಕೆ ಹಿಗ್ಗಿಸಿದರು. ಅದರ ಪಕ್ಕಕ್ಕೆ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಉದ್ದೇಶಿಸಿರುವ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಯ ಪತ್ರಿಕಾ ತುಣುಕುಗಳು. ಈ ಬಗ್ಗೆ ಯಜಮಾನರು ಹೆಚ್ಚು ಮಾತಾಡಲಿಲ್ಲ. ಅದಕ್ಕೂ ಒಂದು ಪುಟ ತೆರೆದಿದ್ದೇನೆ ಎಂದಷ್ಟೇ ಹೇಳಿದರು. ಶರಾವತಿಯಲ್ಲಿ ಒಂದು ಅಣೆಕಟ್ಟು ಇನ್ನೊಂದನ್ನು ನುಂಗಿದ್ದನ್ನು ಕಂಡ ಮನೆತನ ಅದು. 1940ರ ದಶಕದ ಮಡೇನೂರು ಅಣೆಕಟ್ಟು ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದೆ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮೇಲೆ ಬಂದಾಗ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ.

ಊಟಕ್ಕೆ ಕರೆದರು. ಅನ್ನ, ಸೊಪ್ಪಿನ ಹುಳಿ, ಮೊಸರು, ಉಪ್ಪಿನಕಾಯಿ. ಉಪ್ಪಿನಕಾಯಿ ಬಂದದ್ದು ಚೀಟಿ ಕಟ್ಟಿದ ಭರಣಿಯಿಂದ. ಚೀಟಿಯಲ್ಲಿ ‘ಹಳೆ ಮನೆಯ ಮರದ ಮಗ’ ಎಂದಿತ್ತು. ಪರಿಹಾರದ ನೋಟಿಸಿನಲ್ಲಿ ‘ಮಾವು ಒಂದು’ ಎಂದು ಬರೆದಿದ್ದ ಮರ ಅಪ್ಪೆಮಿಡಿಯದಂತೆ. ಹೊರಡುವ ವರ್ಷ ಅಜ್ಜ ಅದರ ಗೊರಟೆಯಿಂದ ಎಬ್ಬಿಸಿದ ಸಸಿಯನ್ನು ಮೇಲೆ ತಂದು ನೆಟ್ಟರು. ಗೊರಟೆಯಿಂದ ಬಂದ ಮಾವು ತಾಯಿಯನ್ನೇ ಹೋಲುತ್ತದೆ ಎಂದು ಹೇಳಲಾಗದು, ಕಸಿ ಕಟ್ಟಿದರೆ ಮಾತ್ರ ಭರವಸೆ. ಅಜ್ಜಿ ಕೊನೆಯವರೆಗೂ ‘ಇದು ಆ ಪರಿಮಳವಲ್ಲ’ ಎನ್ನುತ್ತಲೇ ಮಿಡಿ ಹಾಕುತ್ತಿದ್ದರಂತೆ. ಆ ಪರಿಮಳ ಹೇಗಿತ್ತೋ ನಾನು ಬಲ್ಲೆನೇ? ಈ ಪರಿಮಳಕ್ಕೇ ಲೆಕ್ಕಿಗರು ಮೂರನೆಯ ಸಲ ಅನ್ನ ಹಾಕಿಸಿಕೊಂಡರು. ಪ್ರದರ್ಶನಕ್ಕಿಟ್ಟ ವಸ್ತುವನ್ನು ಮೊಸರನ್ನದಲ್ಲಿ ಕಲಸಿ ಮುಗಿಸಿ ಬಂದ ಮ್ಯೂಸಿಯಂ ಇದೊಂದೇ.

ಮಲೆನಾಡಿನಲ್ಲಿ ಇಂಥದ್ದನ್ನು ಕಾಪಾಡುವ ಕಷ್ಟ ಬಯಲುಸೀಮೆಯವರಿಗೆ ಅರ್ಥವಾಗುವುದಿಲ್ಲ. ಜೂನ್ ಬಂತೆಂದರೆ ಬೂಷ್ಟು, ಗೆದ್ದಲು. ಇವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮ್ಯೂಸಿಯಂ ಮುಚ್ಚಿ, ಬುಟ್ಟಿ, ಗೊರಬು, ಮರದ ಸಣ್ಣ ಸಾಮಾನುಗಳನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಾರೆ. ನಾಲ್ಕು ತಿಂಗಳ ಹೊಗೆ ಹುಳು ಹಿಡಿಯದ ಹಾಗೆ ನೋಡಿಕೊಳ್ಳುತ್ತದೆ. ನೊಗ, ನೇಗಿಲಿಗೆ ಗೇರೆಣ್ಣೆ. ಕಾಗದದ ಟ್ರಂಕಿಗೆ ಒಣಗಿಸಿದ ಲಕ್ಕಿ ಸೊಪ್ಪು. ಚಿತ್ತಾರದ ಬಿಳಿ ಮಾತ್ರ ಹೊಗೆಗೆ ಹಳದಿಯಾಗುತ್ತದೆ. ತಜ್ಞರೊಬ್ಬರು ಬಂದು ಅಟ್ಟಕ್ಕೆ ಏರಿಸಬೇಡಿ ಎಂದು ಹೇಳಿಹೋಗಿದ್ದಾರಂತೆ. ಬೇರೆ ಏನು ಮಾಡಬೇಕು ಎಂದು ಹೇಳಿಲ್ಲ. ತಜ್ಞರು ಹೇಳಿದ ಹಾಗೆ ಮಾಡಿದ್ದರೆ ಹಳದಿಯಾಗಲು ಬುಟ್ಟಿಯೇ ಉಳಿಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ವಾಪಸು ಬರುವಾಗ ಲೆಕ್ಕಿಗರಿಗೂ ನನಗೂ ಎಂದಿನ ಜಗಳ. ಆ ರಿಜಿಸ್ಟರು ಪಹಣಿಯ ಮಾದರಿಯಲ್ಲಿದೆ ಎಂದು ಅವರು, ನಕ್ಷೆಯಿಲ್ಲದ ಪಹಣಿ ಎಂಥದು ಎಂದು ನಾನು. ಒಂದು ವಿಷಯದಲ್ಲಿ ಮಾತ್ರ ಒಪ್ಪಂದವಾಯಿತು. ಯಜಮಾನರ ಬಳಿ ಮುಳುಗಿದ ಊರುಗಳ ಗ್ರಾಮ ನಕ್ಷೆ ಇಲ್ಲ. ಪ್ರತಿ ಕೇಳಿ ಅರ್ಜಿ ಹಾಕಿದ್ದಕ್ಕೆ ‘ಸದರಿ ಗ್ರಾಮ ಅಸ್ತಿತ್ವದಲ್ಲಿಲ್ಲ’ ಎಂದು ಹಿಂಬರಹ ಬಂದಿದೆ. ಊರು ಇಲ್ಲದಿದ್ದರೆ ಊರಿನ ನಕ್ಷೆ ಇರಬಾರದೇ? ನಕ್ಷೆ ಎಲ್ಲಿ ಹುಡುಕಬೇಕು, ಅರ್ಜಿಯಲ್ಲಿ ಯಾವ ಪದ ಬರೆದರೆ ಕಡತ ಕದಲುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತು. ಅರ್ಜಿ ನಾನು ಬರೆದಿದ್ದೇನೆ, ಹಿಂದೆ ಬಿದ್ದು ಓಡಾಡುವ ಕೆಲಸ ಲೆಕ್ಕಿಗರದು.

ಇದನ್ನು ಓದುವವರಲ್ಲಿ ಮುಳುಗಡೆ ಊರುಗಳ ಮೂಲದವರು ಇದ್ದೀರಿ, ಹಿಂದಿನ ಬರಹಗಳಿಗೆ ಬಂದ ಪತ್ರಗಳಿಂದ ಗೊತ್ತು. ಅಟ್ಟದ ಮೇಲೆ ಅಲ್ಲಿಂದ ತಂದ ಸಾಮಾನಿದ್ದರೆ, ಕೊಡಬೇಡಿ, ಇಟ್ಟುಕೊಳ್ಳಿ. ಅದರ ಒಂದು ಫೋಟೋ ಮತ್ತು ಎಲ್ಲಿಯದು ಎಂಬುದನ್ನು ನನಗೆ ಬರೆದು ಕಳಿಸಿ. ಯಜಮಾನರ ರಿಜಿಸ್ಟರಿಗೆ ಅಷ್ಟೇ ಬೇಕು. ಕೊಂಬು, ಉಗುರು ಕಳಿಸಬೇಡಿ, ಫೋಟೋ ಕೂಡ ಬೇಡ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಮನೆಯ ಹೆಸರು, ಹಳ್ಳ ಯಾವ ಕಡೆ ಹರಿಯುತ್ತಿತ್ತು, ಪಕ್ಕದ ತೋಟ ಯಾರದು, ಇಷ್ಟನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿರಿ. ನಕ್ಷೆ ಕೈಗೆ ಬರಲಿ, ನಂಬರ್ ಹಚ್ಚುವ ಕೆಲಸ ನಾವಿಬ್ಬರು ಮಾಡುತ್ತೇವೆ.